ಎರಡೆಕರೆ ಅವರೆ

ನಾನು ರಾಜಾಜಿನಗರದ ಹುಡುಗಿ. ಮಣ್ಣು ಅಂದ್ರೆ ನನಗೆ ತುಳಸಿ ಕುಂಡದೊಳಗಿರೋದು, ಅಷ್ಟೇ. ಮದುವೆಯಾಗಿ ಕೆಂಗೇರಿ ಹತ್ತಿರದ ಉಲ್ಲಾಳಕ್ಕೆ ಬಂದ ಮೇಲೆ ಗೊತ್ತಾಯ್ತು, ಈ ಮನೆಯಲ್ಲಿ ಮಣ್ಣಿನ ಮಾತೆತ್ತಿದರೆ ಲೋಟದ ಕಾಫಿ ಆರಿಹೋದರೂ ಮಾತು ಮುಗಿಯೋದಿಲ್ಲ ಅಂತ. ಮಾವನವರ ಹೊಲವೆಲ್ಲ ಲೇಔಟ್ ಆಗಿ ಎಷ್ಟೋ ಕಾಲವಾಗಿತ್ತು. ಉಳಿದಿದ್ದು ಮನೆ ಪಕ್ಕದ ಒಂದು ಥರ್ಟಿ ಫಾರ್ಟಿ ಸೈಟು. ಅದರಲ್ಲಿ ಪ್ರತಿವರ್ಷ ಅವರೆ ಹಾಕ್ತಿದ್ರು. ಮೊದಲ ಕಾಯಿ ಕಿತ್ತ ಭಾನುವಾರ ನಾದಿನಿಯರೆಲ್ಲ ಗಂಡ ಮಕ್ಕಳ ಸಮೇತ ಬಂದು ಹಿತಕಿದ ಬೇಳೆ ಸಾರು ಉಂಡು ಹೋಗಬೇಕು. ಅದೇ ಈ ಮನೆಯ ದೊಡ್ಡ ಹಬ್ಬ.

ಒಂದು ವರ್ಷ ಆ ಹಬ್ಬ ಕೆಟ್ಟುಹೋಯ್ತು. ಗಿಡವೇನೋ ಸೊಂಪಾಗಿ ಎದೆಮಟ್ಟ ಬೆಳೆದಿತ್ತು, ಕಾಯಿ ಮಾತ್ರ ಇಲ್ಲ. ಮಾರೇನಹಳ್ಳಿಯಿಂದ ಕಾಯಿ ತರಿಸಿ ಸಾರು ಮಾಡಿದೆವು. ಮಾವ ಎರಡು ತುತ್ತು ಉಂಡು, "ಸೊಗಡೇ ಇಲ್ವಲ್ಲವ್ವ" ಅಂತ ಎದ್ದು ಕೈ ತೊಳೆದುಬಿಟ್ರು.

ಮರುವರ್ಷ ಬಿತ್ತೋ ಹೊತ್ತಿಗೆ, "ಇದೊಂದ್ ಸಲ ನೋಡ್ತೀನಿ. ಕಾಯಿ ಬರ್ಲಿಲ್ಲ ಅಂದ್ರೆ ಎದುರುಮನೆಯವ್ರಿಗೆ ಕಾರು ನಿಲ್ಸೋಕೆ ಕೊಟ್ಬುಡ್ತೀನಿ, ಕೇಳ್ತಾನೇ ಅವ್ರೆ" ಅಂದ್ರು. ನನ್ನ ಅಡುಗೆಮನೆ ಕಿಟಕಿಯಿಂದ ಕಾಣೋ ಹಸಿರು ಅದೊಂದೇ. ಇನ್ನು ಮೇಲೆ ಕಾರಿನ ಬಂಪರ್ ನೋಡ್ಕೊಂಡು ಒಗ್ಗರಣೆ ಹಾಕ್ಬೇಕಾ? ಆಗೋದಿಲ್ಲ ಅಂದ್ರೆ ಆಗೋದಿಲ್ಲ.

ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಬೆಳೆ ಯಾವುದು, ಮಣ್ಣು ಎಂಥದ್ದು ಅಂತ ತಿಳಿಸಿದರೆ ಯಾವ ಗೊಬ್ಬರ ಎಷ್ಟು ಹಾಕಬೇಕು ಅಂತ ಅದು ಹೇಳುತ್ತೆ. ಜಗಲಿ ಮೇಲೆ ಮಾವನ ಪಕ್ಕ ಕೂತು ಕೇಳುತ್ತಾ ಹೋದೆ.

"ಬೆಳೆ ಯಾವುದಂತೆ ಮಾವ?"

"ಅವರೆ."

"ಮಣ್ಣು?"

"ಕೆಮ್ಮಣ್ಣು. ಯಾಕೆ, ಅದಕ್ಕೆ ಕಣ್ಣು ಕಾಣಾಕಿಲ್ವ?"

"ಜಮೀನು ಎಷ್ಟು?"

"ಎಲ್ಡೆಕ್ರೆ."

ಒಳಗೆ ಹಾಲು ಉಕ್ಕೋ ವಾಸನೆ ಬಂತು. ಅವರು ಹೇಳಿದ್ದನ್ನೇ ಒತ್ತಿ ಎದ್ದು ಓಡಿದೆ.

ಮಾರನೇ ದಿನ ಕೆಂಗೇರಿಯ ಗೊಬ್ಬರದ ಅಂಗಡಿಯಲ್ಲಿ ಫೋನ್ ತೋರಿಸಿದೆ. ಅಂಗಡಿಯವರು ಎದ್ದು ನಿಂತು, "ಕೂತ್ಕೊಳಿ ಮೇಡಂ" ಅಂತ ಸ್ಟೂಲ್ ಹಾಕಿದ್ರು. ಎಷ್ಟು ಮರ್ಯಾದೆಯ ಮನುಷ್ಯ ಅಂದುಕೊಂಡು ಕೂತೆ.

"ಮೂಟೆ ಎಲ್ಲಿ ಇಳಿಸ್ಬೇಕು? ನಿಮ್ಮ ಹೊಲದವರೆಗೂ ಟೆಂಪೋ ಹೋಗುತ್ತಾ?"

"ಯಾವ ಹೊಲ ರೀ? ಮನೆ ಪಕ್ಕದ ಥರ್ಟಿ ಫಾರ್ಟಿ ಸೈಟು!"

ಪುಣ್ಯಾತ್ಮ ನಕ್ಕಿದ್ದೇ ನಕ್ಕಿದ್ದು. ನಾನು ಬರಿಗೈಯಲ್ಲಿ ಬಸ್ಸು ಹತ್ತಿ ದಾರಿಯುದ್ದಕ್ಕೂ ಉರ್ಕೊಂಡು ಬಂದೆ.

"ಎಲ್ಲಿದೆ ಮಾವ ನಿಮ್ಮ ಎರಡೆಕರೆ? ಅಂಗಡಿಯಲ್ಲಿ ನನ್ನ ಮಾನ ಹೋಯ್ತು!" ಅಂತ ಗೇಟಿನಲ್ಲೇ ಶುರು ಮಾಡಿದೆ.

ಮಾವ ತಬ್ಬಿಬ್ಬಾದ್ರು. "ಜಮೀನೆಷ್ಟು ಅಂತ ಕೇಳ್ದೆ. ಯಾರು ಕೇಳಿದ್ರೂ ಅದ್ನೇ ಹೇಳ್ಕಂಡ್ ಬಂದಿವ್ನಿ. ಬಾಯಿಗೆ ಬಂದ್ಬುಡ್ತು ಕಣವ್ವ" ಅಂದ್ರು. ಆಮೇಲೆ ಅದೇನನ್ನಿಸಿತೋ, ಚಪ್ಪಲಿ ಮೆಟ್ಟಿ, "ಬಾ, ತೋರಿಸ್ತೀನಿ" ಅಂತ ಬೀದಿಗಿಳಿದ್ರು. ಬೇಕರಿ ಇರೋದು ರಾಗಿ ಕಣದ ಮೇಲಂತೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕು ಹುರುಳಿ ಹೊಲದಲ್ಲಿ. ಎದುರುಮನೆ ಹತ್ತಿರ ನಿಂತು, "ಇಲ್ಲಿ ಅವರೆ ಎಂಗ್ ಬರ್ತಿತ್ತು ಗೊತ್ತಾ? ಈಗ ಸೋಫಾ ಹಾಕವ್ರೆ" ಅಂತ ನಿಟ್ಟುಸಿರು ಬಿಟ್ರು. ಅವರು ಸೋಫಾ ಅಂದ ಧಾಟಿಗೆ ನನ್ನ ಸಿಟ್ಟೆಲ್ಲ ಕರಗಿ ನಗು ಉಕ್ಕಿಬಂತು. ಅವರೂ ನಕ್ಕರು. ಮಾವ ಸೊಸೆ ನಡುಬೀದಿಯಲ್ಲಿ ನಿಂತು ನಗೋದನ್ನ ಬೇಕರಿಯವರು ಹೊರಗೆ ಬಂದು ನೋಡಿದ್ರು.

ಮನೆಗೆ ಬಂದು ಸೈಟಿನ ಅಳತೆ ಹಾಕಿದೆ. ಈ ಸಲ ಆ್ಯಪ್ ಹೇಳಿದ್ದು ಒಂದು ಸಣ್ಣ ಚೀಲದಷ್ಟು ಗೊಬ್ಬರ. ಕೆಳಗೆ ಒಂದು ಎಚ್ಚರಿಕೆಯೂ ಇತ್ತು. ಅವರೆಗೆ ಯೂರಿಯಾ ಜಾಸ್ತಿಯಾದರೆ ಸೊಪ್ಪು ಬರುತ್ತೆ, ಕಾಯಿ ಬರೋದಿಲ್ಲ. ಅದನ್ನ ಓದಿ ಹೇಳಿದಾಗ ಮಾವ ತಲೆ ಕೆರ್ಕೊಂಡ್ರು. "ಹೋದ್ ವರ್ಷ ಗಿಡ ಬಡವಾಗವೆ ಅಂತ ಬೊಗಸೆ ಬೊಗಸೆ ಎರಚಿದ್ನಲ್ಲವ್ವ!" ಎರಡೆಕರೆಗೆ ತೋರಿಸಬೇಕಾದ ಪ್ರೀತಿಯನ್ನೆಲ್ಲ ಪಾಪ ಒಂದು ಸೈಟಿಗೆ ಸುರಿದಿದ್ರು.

"ಇದೇನು, ಮಗೀಗೆ ಔಸ್ದಿ ಹಾಕ್ದಂಗೆ" ಅಂತ ಗೊಣಗಿಕೊಂಡೇ ಆ್ಯಪ್ ಹೇಳಿದಷ್ಟನ್ನೇ ಹಾಕಿದ್ರು. ಚಳಿ ಶುರುವಾಗೋ ಹೊತ್ತಿಗೆ ಗಿಡದ ತುಂಬ ಹೂವು. ಮಾವ ದಿನಾ ಬೆಳಗ್ಗೆ ಮಫ್ಲರ್ ಸುತ್ಕೊಂಡು ಗಿಡಗಳ ಮುಂದೆ ನಿಂತಿರೋರು. ಮೊದಲ ಕಾಯಿ ಕಿತ್ತ ದಿನ ಕಿಟಕಿಗೆ ಕೈ ಚಾಚಿ, "ಮೂಸು" ಅಂದ್ರು. ಅಬ್ಬಾ, ಆ ಸೊಗಡು! ಕಾಯಿ ಹಿಡಿದ ಕೈಗೆ ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ, ಹೋಗೋದು ನನಗೆ ಬೇಕಾಗಿಯೂ ಇರಲಿಲ್ಲ.

ಭಾನುವಾರ ನಾದಿನಿಯರೆಲ್ಲ ಬಂದು ಕಾಳು ಹಿತುಕುತ್ತಾ ಕೂತಾಗ ಮನೆ ಮದುವೆಮನೆಯಾಗಿತ್ತು. ಮಾವ ನನ್ನ ಕೈಗೆ ಒಂದು ಬುಟ್ಟಿ ಕಾಯಿ ಕೊಟ್ಟು, ಬೇಕರಿಯಿಂದ ಹಿಡಿದು ಎದುರುಮನೆವರೆಗೆ ಎಲ್ಲರಿಗೂ ಹಂಚಿ ಬರೋಕೆ ಕಳಿಸಿದ್ರು. ಎದುರುಮನೆಯವರು ಕಾಯಿ ಈಸ್ಕೊಂಡು, "ಹಾಗಾದ್ರೆ ನಮ್ಮ ಕಾರು?" ಅಂದ್ರು.

"ರೋಡಲ್ಲೇ ಇರ್ಲಿ ಬಿಡಿ ಸಾರ್" ಅಂತ ಹೇಳಿ ಬಂದೆ. ಆಹಾ, ಎಂಥ ಖುಷಿ!

ವಾಪಸ್ ಬಂದಾಗ ಮಾವ ಮುದ್ದೆ ಮುಂದಿಟ್ಕೊಂಡು ನನ್ನ ದಾರಿಯನ್ನೇ ನೋಡ್ತಿದ್ರು.

"ಎಲ್ಡೆಕ್ರೆಗೂ ಮುಟ್ತೇನವ್ವ?"

"ಮುಟ್ತು ಮಾವ. ರಾಗಿ ಕಣಕ್ಕೂ ಕೊಟ್ಟೆ, ಹುರುಳಿ ಹೊಲಕ್ಕೂ ಕೊಟ್ಟೆ."

ಮಾವ ಒಂದು ತುತ್ತು ಮುರಿದು ನುಂಗಿ, ತಟ್ಟೆ ಮುಂದೆ ಮಾಡಿದ್ರು. "ಇನ್ನೊಂದ್ ಸೌಟು ಹಾಕು" ಅಂದ್ರು.