ಕೆಂಪು ನೋಟಬುಕ್ಕಿನ ಮೊದಲ ಪುಟ

ನನ್ನ ಮೊಮ್ಮಗಳು ಸುಮಾ ಬೀದರಿನಲ್ಲಿ ಮಾಸ್ತರಿಣಿ. ಮೊನ್ನೆ ಯಾವುದೋ ತರಬೇತಿ ಮುಗಿಸಿ ಊರ ಅಂಚಿನ ಚಿದ್ರಿಯ ನಮ್ಮ ಮನೆಗೆ ಬಂದವಳು ಒಂದು ಉದ್ದನೆಯ ಹಾಳೆಯನ್ನು ನನ್ನ ಚಹಾದ ಬಸಿಯ ಪಕ್ಕ ಇಟ್ಟಳು. ಮೇಲೆ ದಪ್ಪ ಅಕ್ಷರದಲ್ಲಿ ‘ಶಿಕ್ಷಕರ ಆತ್ಮಾವಲೋಕನ ಪತ್ರ’ ಎಂದಿತ್ತು. ಮೊದಲನೆಯ ಕಲಂ: ‘ಇಂದಿನ ಪಾಠದಲ್ಲಿ ನನ್ನಿಂದಾದ ತಪ್ಪು.’ ಹದಿನೈದು ದಿನ ತುಂಬಿ ಕೊಡಬೇಕಂತೆ.

“ಮುತ್ಯಾ, ಹದಿನೈದು ತಪ್ಪು ಹೇಳ್ರಿ. ತಪ್ಪು ಅಂದ್ರ ತಪ್ಪೇ ಇರ್ಬೇಕು, ಆದ್ರ ಮ್ಯಾಲಿನವ್ರಿಗಿ ಸಿಟ್ಟು ಬರಬಾರ್ದು ನೋಡ್ರಿ.”

ನಾನು ಧಾರವಾಡದ ಕಡೆಯವನು, ನ್ಯಾಯವಾಗಿ ಅಜ್ಜ ಆಗಬೇಕಾಗಿತ್ತು. ಬೀದರ ನನ್ನನ್ನು ಮುತ್ಯಾ ಮಾಡಿ ಕೂರಿಸಿದೆ. ಬೀದರಿಗೆ ಹೇಗೆ ಬಂದೆ ಎನ್ನುತ್ತೀರಾ? ಪೊಲೀಸ್ ಆಕ್ಷನ್ ಮುಗಿದು ಹೈದರಾಬಾದ್ ಸಂಸ್ಥಾನದ ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ. ಕನ್ನಡ ಕಲಿಸುವವರು ಬೇಕಾಗಿದ್ದರು. ಇಪ್ಪತ್ತೊಂದು ವರ್ಷದ ನಾನು ಒಂದು ಟ್ರಂಕು, ಒಂದು ಕೋಟು ಮತ್ತು ಟ್ರೇನಿಂಗ್ ಸರ್ಟಿಫಿಕೇಟು ಹಿಡಿದು ಭಾಲ್ಕಿ ದಾಟಿ, ಔರಾದ ತಾಲೂಕಿನ ಒಂದು ಹಳ್ಳಿಗೆ ಬಂದಿಳಿದೆ. ಕೋಟಿನೊಳಗೆ ನಾನಿದ್ದೆನೋ ಸರ್ಟಿಫಿಕೇಟೇ ಇತ್ತೋ, ಈಗ ಹೇಳುವುದು ಕಷ್ಟ. ಆ ಊರಿನ ಜನಕ್ಕೆ ಪಾಠ ಎಂದರೇನು ಎಂಬುದನ್ನು ನಾನೇ ಬಂದು ತೋರಿಸಬೇಕಾಗಿದೆ ಎಂದು ಮನಸಾರೆ ನಂಬಿದ್ದೆ.

ಆ ಶಾಲೆಯಲ್ಲಿ ಗಫೂರ್ ಮಾಸ್ತರು ಮೂವತ್ತು ವರ್ಷದಿಂದ ಇದ್ದರು. ಬಿಳಿ ಗಡ್ಡ, ಇಸ್ತ್ರಿ ಕಾಣದ ಶೆರವಾನಿ, ಎದೆಯ ಮೇಲೆ ಸುಣ್ಣದ ಪುಡಿ. ಪೊಲೀಸ್ ಆಕ್ಷನ್ನಿನ ಗಲಾಟೆಯ ದಿನಗಳಲ್ಲಿ ಆ ಸೀಮೆಯ ಎಷ್ಟೋ ಮುಸಲ್ಮಾನರ ಮನೆಗಳು ಖಾಲಿಯಾಗಿದ್ದವು. ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮಾಸ್ತರರ ತಮ್ಮ ಊರು ಬಿಟ್ಟಿದ್ದರು, ಇವರು ಬಿಟ್ಟಿರಲಿಲ್ಲ. “ಸಾಲಿ ಬಿಟ್ಟು ಎಲ್ಲಿ ಹೋಗ್ಲಿರಿ?” ಎಂದು ಒಮ್ಮೆ ನನ್ನನ್ನೇ ಕೇಳಿದರು. ಕನ್ನಡವನ್ನು ಅವರು ನನಗಿಂತ ಚಂದ ಮಾತಾಡುತ್ತಿದ್ದರು. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಕಲಿತು ಇನಸ್ಪೆಕ್ಟರರ ಎದುರು ಕನ್ನಡದಲ್ಲಿ ಪಾಠ ಮಾಡಿ ತೋರಿಸಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು ಎಂದು ಹುಕುಮು ಬಂದಿತ್ತು. ಅವರಿಗೆ ಕಲಿಸುವ ಕೆಲಸ ನನ್ನದು.

ಬೇರೆ ವೇಳೆ ಹೊಂದದೆ, ನನ್ನ ಎರಡನೆಯ ಇಯತ್ತೆಯ ಮಕ್ಕಳ ಜೊತೆ ಹಿಂದಿನ ಮೂಲೆಯಲ್ಲಿ ಅವರೂ ಕೂತರು. ಪುಸ್ತಕವನ್ನು ಹಿಂದಿನಿಂದ ತೆರೆಯುವರು. ಬೋರ್ಡಿಗೆ ಕರೆದರೆ ನೆಟ್ಟಗೆ ಬಲತುದಿಗೆ ಹೋಗಿ ಬರೆಯಲು ನಿಲ್ಲುವರು. ಎರಡು ಅಕ್ಷರ ಬರೆಯುವಷ್ಟರಲ್ಲಿ ಬೋರ್ಡು ಮುಗಿದು ಚೌಕಟ್ಟು ಬರುತ್ತಿತ್ತು. ಮೂವತ್ತು ವರ್ಷ ಬಲದಿಂದ ಎಡಕ್ಕೆ ಉರ್ದು ಬರೆದ ಕೈ, ಪಾಪ, ಅದಕ್ಕೇನು ಗೊತ್ತು? ಆಗ ನನಗೆ ಹಾಗನಿಸಲಿಲ್ಲ. ಮಕ್ಕಳ ಎದುರೇ ‘ಚ್’ ಎನ್ನುತ್ತಿದ್ದೆ. ಆ ‘ಚ್’ ನನ್ನ ಬಾಯಿಂದ ಬಂದದ್ದೆಂದು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಇಷ್ಟಾಗಿದ್ದರೆ ಸರಿಯಿತ್ತು. ಅವರ ಹತ್ತಿರ ಕೆಂಪು ಬಟ್ಟೆಯ ರಟ್ಟಿನ ಒಂದು ನೋಟಬುಕ್ಕು ಇತ್ತು. ಪಾಠ ನಡೆದಿರುವಾಗಲೇ ಅದರಲ್ಲಿ ಏನನ್ನೋ ಉರ್ದುವಿನಲ್ಲಿ ಬರೆದುಕೊಳ್ಳುವರು. ನನ್ನತ್ತ ನೋಡುವರು, ಬರೆಯುವರು, ಮತ್ತೆ ನೋಡುವರು. ನನಗೆ ಉರ್ದು ಬಾರದು. ಇದು ನನ್ನ ಮೇಲಿನ ಫಿರ್ಯಾದಿಯೇ ಸೈ ಎಂದು ತೀರ್ಮಾನಿಸಿದೆ. ಹೆದರಿಕೆಯಿಂದ ಪಾಠ ಸುಧಾರಿಸತೊಡಗಿತು ಅನ್ನಿ. ಅವರು ಪೆನ್ಸಿಲ್ ಎತ್ತಿದರೆ ನನ್ನ ಛಡಿ ತಾನಾಗಿ ಕೆಳಗಿಳಿಯುತ್ತಿತ್ತು. ಆದರೆ ಆ ಪೆನ್ಸಿಲ್ಲಿನ ಮೇಲಿನ ಸಿಟ್ಟು ದಿನದಿನಕ್ಕೆ ಬೆಳೆಯಿತು.

ಐದನೆಯ ತಿಂಗಳಿಗೆ ಕಚೇರಿಯಿಂದ ಕಾಗದ ಬಂತು. ಗಫೂರ್ ಮಾಸ್ತರರ ಪ್ರಗತಿಯ ಬಗ್ಗೆ ನಿಮ್ಮ ಗುಪ್ತ ಅಭಿಪ್ರಾಯ ತಿಳಿಸಿ ಎಂದಿತ್ತು. ಕೋಟು ಹಾಕಿಕೊಂಡೇ ಕೂತು ಬರೆದೆ: ‘ಇವರ ವಯಸ್ಸಿಗೆ ಕನ್ನಡ ಲಿಪಿ ಒಗ್ಗುವಂತಿಲ್ಲ. ಮಕ್ಕಳ ಹಿತದೃಷ್ಟಿಯಿಂದ ಇವರನ್ನು ಸೇವೆಯಿಂದ ಬಿಡುಗಡೆ ಮಾಡುವುದು ಲೇಸು.’ ‘ಹಿತದೃಷ್ಟಿ’ ಎಂಬ ಮಾತನ್ನು ಎರಡು ಸಲ ಓದಿ ಸಂತೋಷಪಟ್ಟು ಟಪಾಲಿಗೆ ಹಾಕಿದೆ.

ನಾಲ್ಕು ದಿನ ಕಳೆದಿರಬೇಕು. ಮಾಸ್ತರು ಮಧ್ಯಾಹ್ನದ ನಮಾಜಿಗೆ ಹೋಗುವಾಗ ನೋಟಬುಕ್ಕನ್ನು ಮಣೆಯ ಮೇಲೆ ಮರೆತು ಹೋದರು. ನಾನು ಅದನ್ನು ಕೋಟಿನೊಳಗೆ ಸೇರಿಸಿ ಊಟಕ್ಕೆ ನಡೆದೆ. ಹೌದು, ಕದ್ದೆ. ನನ್ನ ಊಟ ಶಂಕ್ರೆಪ್ಪನ ಮನೆಯಲ್ಲಿ. ಅವನು ತೊಗರಿ ಬೆಳೆಯುವ ಒಕ್ಕಲಿಗ, ಗಫೂರ್ ಮಾಸ್ತರರ ಕೈಯಲ್ಲೇ ಉರ್ದು ಕಲಿತವನು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ. “ನಾ ದಡ್ಡ್ರಿ” ಎಂದು ತಾನೇ ನಗುತ್ತ ಹೇಳಿಕೊಳ್ಳುತ್ತಿದ್ದ.

“ನನ್ನ ಬಗ್ಗೆ ಏನೇನು ಬರದಾರ ಓದು” ಎಂದು ಪುಸ್ತಕ ಅವನ ಮುಂದೆ ಇಟ್ಟೆ.

ಅವನು ನಾನು ಕೊನೆಯದೆಂದುಕೊಂಡಿದ್ದ ಪುಟವನ್ನು ತೆರೆದ. ಉರ್ದು ಪುಸ್ತಕಕ್ಕೆ ಅದೇ ಮೊದಲ ಪುಟ. ಬೆರಳಿಟ್ಟು ನಿಧಾನವಾಗಿ ಕನ್ನಡ ಮಾಡಿ ಓದಿದ:

“‘ಇವತ್ತು ಛೋಟೇ ಉಸ್ತಾದ್ ಸವಾಲ ಕೇಳಿದ್ರು. ಜವಾಬ ನನಗ ಬರ್ತಿತ್ತು. ಕೈ ಎತ್ತಲಿಲ್ಲ. ತಪ್ಪಾದ್ರ ಸಣ್ಣ ಹುಡುಗ್ರು ನಗ್ತಾರಂತ ಅಂಜಿದೆ. ಕೈ ಎತ್ತದ ಹುಡುಗ್ರಿಗಿ ನಾ ಮೂವತ್ತು ವರ್ಷ ದಡ್ಡ್ರು ಅಂದೀನಿ.’”

ಛೋಟೇ ಉಸ್ತಾದ್ ಎಂದರೆ ಸಣ್ಣ ಮಾಸ್ತರು, ನಾನೇ. “ಮುಂದ?” ಎಂದೆ.

“‘ಛೋಟೇ ಉಸ್ತಾದ್ ಬೋರ್ಡಿನ ಕಡಿ ಮಾರಿ ಮಾಡಿ ಮಾತಾಡ್ತಾರ. ಹಿಂದ ಕೇಳಸಂಗಿಲ್ಲ. ನಾನೂ ಹಿಂಗೇ ಮಾಡ್ತೇನಿ ಏನು? ನಾಳಿ ನೋಡ್ಬೇಕು.’”

ನನ್ನ ಮೇಲಿನ ಫಿರ್ಯಾದಿ ಅಷ್ಟೇ. ಉಳಿದ ಪುಟಗಳೆಲ್ಲ ಅವರು ತಮ್ಮ ಮೇಲೆ ತಾವೇ ಕೊಟ್ಟುಕೊಂಡದ್ದು. ಶಂಕ್ರೆಪ್ಪ ಪುಟ ಮಗುಚುತ್ತ ಓದುತ್ತಿದ್ದವನು ಒಮ್ಮೆಲೇ ನಿಂತ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಓದಿದ:

“‘ಶಂಕ್ರೆಪ್ಪ ಇದೇ ಮೂಲ್ಯಾಗ ಕೂಡ್ತಿದ್ದ. ಇಲ್ಲಿಂದ ನೋಡಿದ್ರ ಕಿಡಕಿ ಬಿಸಿಲು ಬೋರ್ಡಿನ ಮ್ಯಾಲ ಬಿದ್ದು ಹೊಳೀತದ, ಅಕ್ಷರ ಕಾಣಸಂಗಿಲ್ಲ. ಅಂವಗ ನಾ ಕತ್ತೆ ಅಂತಿದ್ದೆ. ಅಂವ ದಡ್ಡ ಇದ್ದಿಲ್ಲ. ಅಂವಗ ಕಾಣ್ತಿದ್ದಿಲ್ಲ.’”

ಮುರಿದ ರೊಟ್ಟಿ ಅವನ ಕೈಯಲ್ಲೇ ಉಳಿಯಿತು. ಮೀಸೆಯ ಗಂಡಸು, ಎರಡು ಮಕ್ಕಳ ತಂದೆ, ಗಂಗಾಳದ ಮುಂದೆ ಕೂತು ಅತ್ತುಬಿಟ್ಟ. ನಾನು ಊಟ ಬಿಟ್ಟು ಎದ್ದು, ಮಾಸ್ತರು ಬರುವ ಮೊದಲೇ ನೋಟಬುಕ್ಕನ್ನು ಮಣೆಯ ಮೇಲೆ ಇಟ್ಟು ಬಂದೆ. ಟಪಾಲಿಗೆ ಹೋದ ಕಾಗದ ಆಗಲೇ ಬೀದರ ಮುಟ್ಟಿತ್ತು.

ಇನಸ್ಪೆಕ್ಟರರು ಬಂದರು. ಕಪ್ಪು ಟೊಪ್ಪಿಗೆ, ಕಂಕುಳಲ್ಲಿ ಫೈಲು. ಗಫೂರ್ ಮಾಸ್ತರು ಪಾಠ ಓದಿದರು, ಅರ್ಥ ಹೇಳಿದರು, ಎಲ್ಲ ಚೆನ್ನಾಗಿತ್ತು. “ಬೋರ್ಡಿನ ಮ್ಯಾಲ ಒಂದು ವಾಕ್ಯ ಬರೀರಿ” ಎಂದರು ಸಾಹೇಬರು. ಮಾಸ್ತರು ಸುಣ್ಣದ ಕಡ್ಡಿ ಹಿಡಿದು ನೆಟ್ಟಗೆ ಹೋಗಿ ಬಲತುದಿಗೆ ನಿಂತರು. ಎರಡು ಅಕ್ಷರ, ಚೌಕಟ್ಟು.

ಕಾಶಿಬಾಯಿ ಎಂಬ ಸಣ್ಣ ಹುಡುಗಿ ಎದ್ದು ನಿಂತಳು. “ಮಾಸ್ತರ್ರೀ, ಆ ಕಡಿಲಿಂದ್ರಿ.”

“ಶಾಬಾಸ್!” ಎಂದರು ಮಾಸ್ತರು. ತೋಳಿನಿಂದ ಒರೆಸಿ, ಎಡತುದಿಗೆ ನಡೆದು, ವಾಕ್ಯವನ್ನು ದುಂಡಗೆ ಬರೆದು ಮುಗಿಸಿದರು.

ಸಾಹೇಬರು ಫೈಲಿನಿಂದ ನನ್ನ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು. ‘ಹಿತದೃಷ್ಟಿ’ ಬಂದಾಗ ನನಗೆ ನೆಲ ಬಿರಿಯಬಾರದೇ ಅನಿಸಿತು. ಮಾಸ್ತರು ನನ್ನತ್ತ ನೋಡಿದರು. ಸಿಟ್ಟಿರಲಿಲ್ಲ. ಅದೇ ತಡೆಯಲಾಗಲಿಲ್ಲ.

“ಸಾಹೇಬ್ರ, ಆ ಕಾಗದ ತಪ್ಪು” ಎಂದೆ.

“ಹ್ಯಾಂಗ ತಪ್ಪು? ಅವ್ರು ಉಲ್ಟಾ ಬರದದ್ದು ಈಗ ನಾ ಕಣ್ಣಿಲೆ ನೋಡೀನಿ.”

“ನೋಡೀರಿ. ಹುಡುಗಿ ಅಂಜದ ತಿದ್ದಿದ್ದೂ ನೋಡೀರಿ. ನನ್ನ ತಪ್ಪು ಇಲ್ಲೀ ತನಕ ಒಂದು ಮಗೂ ತಿದ್ದಿಲ್ರಿ. ನಾ ತಪ್ಪೇ ಮಾಡೂದಿಲ್ಲ ಅಂತ ತಿಳದಿದ್ದೆ. ಹುಡುಗ್ರು ಅಂಜಿ ಸುಮ್ಮಿದ್ರು, ಅಷ್ಟ. ಸಿಟ್ಟಿನಾಗ ಬರದ ಕಾಗದ ಅದು. ಅವ್ರ ನೌಕರಿ ತಗೀಬ್ಯಾಡ್ರಿ.”

ಸಾಹೇಬರು ಮಾಸ್ತರರಿಗೆ ಇನ್ನಾರು ತಿಂಗಳ ವಾಯಿದೆ ಕೊಟ್ಟರು. ನನಗೆ ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಕೊಟ್ಟರು: ‘ಅಭಿಪ್ರಾಯ ಬದಲಿಸುವ ಸ್ವಭಾವ ಉಳ್ಳವರು.’ ಬೈಗುಳವೆಂದೇ ಬರೆದದ್ದು. ನನಗೆ ಸಿಕ್ಕ ಸರ್ಟಿಫಿಕೇಟುಗಳಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಸಂಜೆ ಶಾಲೆಯ ಬೀಗ ಹಾಕುತ್ತ ಮಾಸ್ತರು ಕೇಳಿದರು: “ಛೋಟೇ ಉಸ್ತಾದ್, ನನ್ನ ಕಿತಾಬ್ ಓದಿದವ್ರು ಯಾರು?”

“ನಿಮಗ ಹ್ಯಾಂಗ ಗೊತ್ತಾತ್ರಿ?”

“ನೀವು ಉಲ್ಟಾ ಇಟ್ಟಿದ್ರಿ.”

ಕನ್ನಡ ಪುಸ್ತಕದ ರೂಢಿಯಂತೆ, ಅವರ ಉರ್ದುವಿನ ಮೊದಲ ಪುಟ ಕೆಳಗಾಗುವಂತೆ ಇಟ್ಟು ಬಂದಿದ್ದೆ. ಆರು ತಿಂಗಳು ‘ಚ್’ ಅಂದ ಮನುಷ್ಯ ಮಾಡಿದ್ದೂ ಅದೇ ತಪ್ಪು.

“ಶಂಕ್ರೆಪ್ಪ ಓದಿದ್ರಿ. ಅತ್ತ.”

ಅವರು ಬೀಗವನ್ನು ಎರಡು ಸಲ ಜಗ್ಗಿ ನೋಡಿದರು. “ನಾಳಿ ಅಂವನ ಮನಿಗಿ ಊಟಕ್ಕ ಬರ್ತೇನಿ ಅಂತ ಹೇಳ್ರಿ” ಎಂದರು. ಆಮೇಲೆ ನಿವೃತ್ತರಾಗುವವರೆಗೂ ಅದೇ ಶಾಲೆಯಲ್ಲಿ ಕನ್ನಡ ಕಲಿಸಿದರು. ಮರುದಿನವೇ ಕಿಡಕಿಗೆ ಒಂದು ಗೋಣಿತಟ್ಟು ಕಟ್ಟಿಸಿದ್ದರು.

ಪಟ್ಟಿಯ ಬದಲು ಹೇಳಿದ ಈ ಕಥೆ ಮುಗಿದಾಗ ಸುಮಾ ನನ್ನನ್ನು ದಿಟ್ಟಿಸಿದಳು. “ಮುತ್ಯಾ, ಗಫೂರ್ ಮಾಸ್ತರಿಗಿ ಕನ್ನಡ ಕಲಿಸಿದ್ದು ನಾನೇ ಅಂತ ನೂರು ಸಲ ಹೇಳೀರಿ. ಆ ಕಾಗದದ ಸುದ್ದಿ ಎಲ್ಲಿತ್ರಿ?”

ಎಲ್ಲಿತ್ತೆಂದರೆ, ಬಿಟ್ಟಿದ್ದೆ. ಬೀಳ್ಕೊಡುಗೆ ಸಭೆಗಳಲ್ಲಿ, ಮದುವೆ ಮನೆಗಳಲ್ಲಿ, ಎಲ್ಲ ಕಡೆ ಕಾಗದ ಬಿಟ್ಟು ಹೇಳಿದ್ದೆ. ಅವಳು ತಪ್ಪುಗಳ ಪಟ್ಟಿ ಕೇಳದೆ ಹಾಳೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಸಂಜೆ ಶಾಲೆಯಿಂದ ಬಂದವಳು ಹಾಳೆ ತೋರಿಸಿದಳು. ಮೊದಲ ಕಲಮಿನಲ್ಲಿ ಬರೆದಿತ್ತು: ‘ಇವತ್ತು ಹಿಂದಿನ ಬೆಂಚಿನಲ್ಲಿ ಕೂತು, ಒಬ್ಬ ಹುಡುಗಿಯಿಂದ ಪಾಠ ಓದಿಸಿದೆ. ಫ್ಯಾನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ಇಲ್ಲಿ ಕೂತವರಿಗೆ ಲಕ್ಷ್ಯವಿಲ್ಲ ಎಂದು ಮೂರು ವರ್ಷ ಬೈದಿದ್ದೇನೆ.’

“ಮ್ಯಾಲಿನವ್ರಿಗೆ ಸಿಟ್ಟು ಬಂದೀತವ್ವ” ಎಂದೆ.

“ಬರ್ಲಿ ಬಿಡ್ರಿ.”

ನನಗೂ ಒಂದು ಹಾಳೆ ಕೊಡು ಎಂದೆ. ಕನ್ನಡಕ ಹಾಕಿಕೊಂಡು ಬರೆಯಲು ಕೂತೆ. ‘ನನ್ನಿಂದಾದ ತಪ್ಪು’ ಎಂಬ ಕಲಮಿಗೆ ಅವರು ಬಿಟ್ಟಿದ್ದು ನಾಲ್ಕು ಬೆರಳಿನಷ್ಟು ಜಾಗ, ನನಗೆ ಸಾಲಲಿಲ್ಲ. ಇಷ್ಟು ಹೊತ್ತು ನೀವು ಓದಿದ್ದು ಆ ಕಲಮಿನಲ್ಲಿ ಹಿಡಿಯದೆ ಉಳಿದದ್ದು.