ಮಗುಚಿ ಹಾಕಿದ ಶಾಸನ

ಬಂದಳಿಕೆಗೆ ಬಂದವರೆಲ್ಲ ಗುಡಿಗಳ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾನು ಬಂದಿದ್ದು, ಹಿಂದೊಮ್ಮೆ ಪಕ್ಕದ ಹೊಲದಲ್ಲಿ ನೋಡಿದ್ದ ಶಾಸನದ ಕಲ್ಲಿಗಾಗಿ. ಅದು ನಿಂತಿದ್ದ ಜಾಗದಲ್ಲಿ ಈಗ ಮೆಕ್ಕೆಜೋಳ. ಯಾರೋ ಒಡೆದು ಮನೆಯ ಪಾಯಕ್ಕೆ ಹಾಕಿರಬೇಕೆಂದು ಸಿಟ್ಟು ಬಂತು. ಕಳೆ ಕೀಳುತ್ತಿದ್ದ ಹೆಂಗಸನ್ನು ಕೇಳಿದೆ.

“ಅದರ ಮ್ಯಾಲೇ ನಿಂತೀರಲ್ರಿ,” ಅಂದರು.

ನಾನು ನಿಂತಿದ್ದು ಕಾಲುವೆಗೆ ಅಡ್ಡ ಹಾಕಿದ ಚಪ್ಪಡಿಯ ಮೇಲೆ. ಅಕ್ಷರದ ಸುಳಿವೇ ಇರಲಿಲ್ಲ.

“ಅಕ್ಷರ ತುಳೀಬಾರದು ಅಂತ ನಮ್ಮತ್ತೆ ಮಗುಚಿ ಹಾಕ್ಸಿದ್ರು.”

ಬೋರಲು ಮಲಗಿ ಕಲ್ಲಿನ ಅಡಿಗೆ ಕೈಯಾಡಿಸಿದೆ. ಬೆರಳಿಗೆ ಸಾಲುಸಾಲು ಅಕ್ಷರ ಸಿಕ್ಕವು, ಒಂದೂ ಸವೆದಿರಲಿಲ್ಲ. ಜೀವ ಬಂದಂತಾಯಿತು.

ರಸ್ತೆಗೆ ಹೋಗಲು ಅದೇ ಕಲ್ಲು ದಾಟಬೇಕಿತ್ತು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ.

“ಮುಳ್ಳು ಅದಾವ್ರಿ, ಚಪ್ಪಲಿ ಮೆಟ್ಕೊಂಡೇ ಹೋಗ್ರಿ,” ಅಂದರು ಆಕೆ. “ಅದಕ್ಕೇ ಅಲ್ಲೇನ್ರಿ ಮಗುಚಿದ್ದು.”