ತಾಂಬೂಲ ಕೊಟ್ಟು ಮಾಡಿದ ಪಾಲುದಾರಿಕೆ

ಟ್ಯಾಕ್ಸ್ ಆಂಟಿಯ ಬಲಗೈ ತೋರುಬೆರಳಿಗೆ ಸದಾ ಕಿತ್ತಳೆ ಬಣ್ಣದ ರಬ್ಬರ್ ಟೋಪಿ ಇರುತ್ತಿತ್ತು, ಕಾಗದ ಮಗುಚಲು. ಅರಿಸಿನ ಕುಂಕುಮಕ್ಕೆ ಬಂದಾಗಲೂ ತೆಗೆಯಲು ಮರೆತು, ಟೋಪಿಗೂ ಕುಂಕುಮ ಮೆತ್ತಿಸಿಕೊಂಡು ನಮ್ಮನ್ನು ನಗಿಸುತ್ತಿದ್ದರು. ಲಾರೆನ್ಸ್‌ವಿಲ್‌ನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ನಮ್ಮ ಕನ್ನಡದವರ ಟ್ಯಾಕ್ಸ್ ನೋಡುತ್ತಿದ್ದರು. ಬಾಯಿ ಮಾತ್ರ ಬಲು ಖಾರ. ಎಡವಟ್ಟು ಮಾಡಿಕೊಂಡು ಹೋದವರಿಗೆ, "ಮೊದಲು ಕೇಳಿ, ಆಮೇಲೆ ಮಾಡ್ಬೇಕು. ಮಾಡ್ಕೊಂಡು ಬಂದ್ರೆ ಪ್ರಾಯಶ್ಚಿತ್ತ ಹೇಳೋಕೆ ನಾನೇನು ಶಾಸ್ತ್ರಿಗಳಾ?" ಎನ್ನುತ್ತಿದ್ದರು.

ಅಂಥ ಎಡವಟ್ಟನ್ನು ನಾನೂ ಮಾಡಿದೆ. ಅಲ್ಲೇ ಹತ್ತಿರದ ಜಾನ್ಸ್ ಕ್ರೀಕ್‌ನಲ್ಲಿ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುವ ಸಣ್ಣ ವ್ಯಾಪಾರ ನನ್ನದು, ಒಬ್ಬಳದೇ. ಕೋವಿಡ್ ಕಾಲದಲ್ಲಿ ಶುರುವಾದದ್ದು ಬೆಳೆದು ಕೈಮೀರಿತ್ತು. ಪಕ್ಕದ ಬೀದಿಯ ಗೆಳತಿಯ ಕೈರುಚಿ ನನ್ನದಕ್ಕಿಂತ ಮೇಲು. ಆದರೆ ಅವಳು ಗಂಡನ ವೀಸಾದ ಮೇಲೆ ಬಂದವಳು, ಕೆಲಸದ ಪರ್ಮಿಟ್ ಇಲ್ಲ, ಗ್ರೀನ್ ಕಾರ್ಡಿಗೆ ಕಾದು ಕಾದು ಮಂಕಾಗಿದ್ದಳು. ನೌಕರಿ ತಾನೇ ಮಾಡಬಾರದು, ಪಾಲುದಾರಳಾಗಬಹುದಲ್ಲ ಎಂದುಕೊಂಡೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಎಲ್ಲರೆದುರು ಅವಳ ಕೈಗೆ ತಾಂಬೂಲ ಕೊಟ್ಟು, "ನಾಳೆಯಿಂದ ಬಿಸಿನೆಸ್‌ನಲ್ಲಿ ಅರ್ಧ ನಿಂದು ಕಣೇ" ಎಂದೆ. ಅವಳು ಅತ್ತೇಬಿಟ್ಟಳು.

ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದಿದ್ದ ಆಂಟಿ ಕೋಸಂಬರಿ ತಟ್ಟೆ ಕೆಳಗಿಟ್ಟು ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದರು.

"ಪಾರ್ಟ್‌ನರ್‌ಶಿಪ್‌ಗೆ ಇಲ್ಲಿ ಸಹಿ ಕೂಡ ಬೇಕಿಲ್ಲ ಕಣಮ್ಮ. ಇಬ್ರು ಸೇರಿ ಬಿಸಿನೆಸ್ ಮಾಡಿ ಲಾಭ ಹಂಚ್ಕೊಂಡ್ರೆ ಆಗೋಯ್ತು. ಇಷ್ಟು ದಿನ ಎಲ್ಲಾ ನಿನ್ನ ರಿಟರ್ನ್‌ನಲ್ಲೇ ಸೇರ್ಕೊಂಡು ಹೋಗ್ತಿತ್ತು. ಇನ್ಮೇಲೆ ಬಿಸಿನೆಸ್‌ಗೇ ಬೇರೆ ರಿಟರ್ನ್ ಫೈಲ್ ಮಾಡ್ಬೇಕು, ಅದೂ ಏಪ್ರಿಲ್ ಅಲ್ಲ, ಮಾರ್ಚ್‌ಗೇ. ಇವಳು ಒಂದು ಡಾಲರ್ ಮುಟ್ಟದೇ ಇದ್ರೂ ಇವಳ ಪಾಲಿನ ಲಾಭಕ್ಕೆ ಇವಳ ಹೆಸರಲ್ಲೇ ಟ್ಯಾಕ್ಸ್. ಪರ್ಮಿಟ್ ಇಲ್ಲದೆ ದುಡಿದೆ ಅಂತ ಇವಳೇ ಬರ್ಕೊಟ್ಟ ಹಾಗೆ. ನಾಳೆ ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲಿ ಏನಂತಾಳೆ?"

"ಟ್ಯಾಕ್ಸಲ್ಲಿ ತೋರಿಸ್ದೇ ಇದ್ರೆ, ಆಂಟಿ?" ಗೆಳತಿ ಮೆಲ್ಲಗೆ ಕೇಳಿದಳು.

"ಸುಳ್ಳು ಲೆಕ್ಕಕ್ಕೆ ನಾನು ಕೈ ಹಾಕಲ್ಲ. ಪರ್ಮಿಟ್ ಬರೋವರೆಗೂ ನೀನು ಅವಳ ಬಾಣಲೆ ಹತ್ರಾನೂ ಹೋಗ್ಬೇಡ."

ಗೆಳತಿ ತಾಂಬೂಲವನ್ನು ಕೌಂಟರ್ ಮೇಲಿಟ್ಟಳು. "ನಿಮಗೇನು ಆಂಟಿ, ಸಿಟಿಜನ್ನು" ಎಂದವಳೇ ಹೊರಟುಹೋದಳು. ಆಂಟಿ ಬೆರಳಿನ ಟೋಪಿ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. "ಬೈದು ಹೇಳೋರು ಬದುಕೋಕೆ ಹೇಳ್ತಾರೆ ಅಂತಾರಲ್ಲ, ಒಂದಿನ ಗೊತ್ತಾಗತ್ತೆ ಬಿಡು" ಎಂದರು.

ಹಾಗೆಂದರೇ ಹೊರತು ಗೆಳತಿಯ ಮಾತು ಅವರಿಗೆ ನಾಟಿತ್ತು. ಆಮೇಲೆ ನಾನು ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದೇ "ಅವಳು ಫೋನ್ ಮಾಡಿದ್ಲಾ?" ಎಂದು. ಮಾಡಿರಲಿಲ್ಲ. ಮರುವರ್ಷ ಅವಳ ಸಂಸಾರ ಶಾರ್ಲೆಟ್‌ನ ಬ್ಯಾಲಂಟೈನ್‌ಗೆ ಹೋಯಿತು. ವಾಟ್ಸಾಪ್ ಗುಂಪು ಬಿಟ್ಟಳು, ನನ್ನ ಫೋನೂ ಎತ್ತಲಿಲ್ಲ. ಒಬ್ಬಳೇ ಕೂತು ಮೆಣಸಿನಕಾಯಿ ಹುರಿಯುವಾಗ ಆಂಟಿಯ ಮೇಲೆ ನನಗೂ ಸಿಟ್ಟು ಬರುತ್ತಿತ್ತು. ಆ ಚಳಿಗಾಲದಲ್ಲೇ ಆಂಟಿ ತೀರಿಕೊಂಡರು.

ಮೊನ್ನೆ ಗೆಳತಿಯ ಫೋನ್ ಬಂತು.

"ಗ್ರೀನ್ ಕಾರ್ಡ್ ಬಂತು ಕಣೇ. ಪರ್ಮಿಟ್ ಇಲ್ಲದೆ ಕೆಲಸ ಮಾಡಿದ್ದೀರಾ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು. ಇಲ್ಲ ಅಂದೆ. ಒಂಚೂರೂ ಭಯ ಆಗ್ಲಿಲ್ಲ, ನಿಜಾನೇ ಅಲ್ವಾ? ಆಂಟಿ ನಂಬರ್ ಕೊಡೇ, ಮಾತಾಡ್ಬೇಕು."

ಸುದ್ದಿ ಹೇಳಿದೆ.

"ನನ್ನ ಬೈಕೊಂಡೇ ಹೋದ್ರಾ?"

"ಇಲ್ಲ ಕಣೇ. ನೀನು ಫೋನ್ ಮಾಡಿದ್ಯಾ ಅಂತ ಕೇಳ್ಕೊಂಡೇ ಹೋದ್ರು."